ಮನೆಯಲ್ಲಿ ಇಬ್ಬರು ಸಣ್ಣ ಹುಡುಗರಿರುವಾಗ ಕ್ರಿಸ್ಮಸ್: ನಕ್ಷತ್ರ, ಕುಸ್ವಾರ್, ಗೋದಲಿ

ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಕೈತುಂಬ ಕೆಲಸ. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕರಿಯಬೇಕು, ನಕ್ಷತ್ರ ಕಟ್ಟಬೇಕು, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ) ಆಗಬೇಕು. ನಡುವೆ ಶಾಲೆಯೂ ಇರುತ್ತದೆ, ಚರ್ಚಿನ ಕ್ಯಾರೊಲ್ ಅಭ್ಯಾಸವೂ ಇರುತ್ತದೆ. ನಾಲ್ಕು ಮತ್ತು ಎಂಟರ ಆಸುಪಾಸಿನ ಇಬ್ಬರು ಹುಡುಗರಿರುವ ಮನೆಯಲ್ಲಿ ಅವರನ್ನು ದೂರ ಇಟ್ಟು ಇದನ್ನೆಲ್ಲ ಮುಗಿಸುತ್ತೇವೆ ಎಂದರೆ ಆಗುವ ಮಾತಲ್ಲ. ಅವರನ್ನೂ ಸೇರಿಸಿಕೊಂಡೇ ಮಾಡಬೇಕು. ಅದಕ್ಕೆ ಬೇಕಾದ ವ್ಯವಸ್ಥೆ ಇಲ್ಲಿದೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಒಂದೇ ಕೆಲಸವನ್ನು ಇಬ್ಬರಿಗೆ ಹಂಚಬೇಡಿ. ಇಬ್ಬರಿಗೂ ಬೇರೆ ಬೇರೆ ಕೆಲಸ, ಬೇರೆ ಸಾಮಾನು, ಕೂರಲು ಬೇರೆ ಜಾಗ ಕೊಡಿ. "ಇಬ್ಬರೂ ಸೇರಿ ಮಾಡಿ" ಎಂದ ಕಡೆ ಎಂಟರವನು ಬೇಗ ಮುಗಿಸುತ್ತಾನೆ, ನಾಲ್ಕರವನು ಹಾಳು ಮಾಡುತ್ತಾನೆ, ಹತ್ತು ನಿಮಿಷದಲ್ಲಿ ಇಬ್ಬರೂ ಅಳುತ್ತಿರುತ್ತಾರೆ. ಕೆಳಗೆ ಹೇಳಿರುವ ಎಲ್ಲ ಕೆಲಸವನ್ನೂ ದೊಡ್ಡವನದ್ದು, ಸಣ್ಣವನದ್ದು ಎಂದು ಬೇರ್ಪಡಿಸಿಯೇ ಬರೆದಿದ್ದೇವೆ.

ವಾರಗಳ ಲೆಕ್ಕ

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಕೆಲಸ ಶುರು ಮಾಡಲು ಅದೇ ಸರಿಯಾದ ದಿನ. ಮೊದಲ ವಾರ ಬಟ್ಟೆ ಮತ್ತು ನಕ್ಷತ್ರ. ಎರಡನೇ ವಾರ ಹೆಚ್ಚು ದಿನ ಉಳಿಯುವ ಕರಿದ ತಿಂಡಿಗಳು. 13 ಅಥವಾ 14ಕ್ಕೆ ಗೋದಲಿಯ ಸಸಿಗೆ ಬೀಜ ಹಾಕಬೇಕು. ಮೂರನೇ ವಾರ ಗೋದಲಿ. 20ರ ಮೇಲೆ ಕೇಕು ಮತ್ತು ಹಸಿ ತೆಂಗಿನಕಾಯಿ ಬೀಳುವ ರವೆ ಕೇಕು ಬಾತ್‌ನಂಥವು. ಕರಾವಳಿಯ ಸೆಕೆಗೆ ಬಾತ್ ಎರಡು ಮೂರು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ, ಅದನ್ನು ಮುಂಚೆ ಮಾಡಿ ಪ್ರಯೋಜನವಿಲ್ಲ.

ಹೊಸ ಬಟ್ಟೆ ಹೊಲಿಸುವುದಿದ್ದರೆ ಡಿಸೆಂಬರ್ ಮೊದಲ ವಾರವೇ ಅಳತೆ ಕೊಡಿ, 15ರ ನಂತರ ದರ್ಜಿಗಳ ಕೈ ಖಾಲಿ ಇರುವುದಿಲ್ಲ. ಪ್ಯಾಂಟಿನ ಕಾಲಿಗೆ ಒಳಗೆ ಎರಡು ಇಂಚು ಮಡಚಿ ಹೊಲಿಯಲು ಹೇಳಿ, ಮುಂದಿನ ವರ್ಷಕ್ಕೂ ಆಗುತ್ತದೆ. ವರ್ಷವಿಡೀ ಅಣ್ಣನ ಬಟ್ಟೆಯನ್ನೇ ತಮ್ಮ ಹಾಕುವ ಮನೆಯಾದರೂ ಈ ಒಂದು ದಿನಕ್ಕೆ ಅವನಿಗೂ ಅಂಗಡಿಯಿಂದ ತಂದ ಹೊಸ ಅಂಗಿಯೇ ಇರಲಿ.

ಮನೆಯಲ್ಲಿ ಆಗಮನ ಕಾಲದ ಹಸಿರು ಸುತ್ತು ಇಡುವವರಿಗೆ ಒಂದು ಸಲಹೆ. ಅದರಲ್ಲಿ ಮೂರು ನೇರಳೆ, ಒಂದು ಗುಲಾಬಿ ಮೇಣದ ಬತ್ತಿ ಇರುತ್ತದೆ. ಗುಲಾಬಿಯದು ಮೂರನೇ ಭಾನುವಾರಕ್ಕೆ. ಒಂದು ಮತ್ತು ಮೂರನೇ ಭಾನುವಾರ ಒಬ್ಬ ಹಚ್ಚಲಿ, ಎರಡು ಮತ್ತು ನಾಲ್ಕನೆಯದು ಇನ್ನೊಬ್ಬನಿಗೆ. ಒಬ್ಬನಿಗೆ ಗುಲಾಬಿ ಬತ್ತಿ ಸಿಕ್ಕಿದರೆ ಇನ್ನೊಬ್ಬನಿಗೆ ನಾಲ್ಕೂ ಬತ್ತಿ ಉರಿಸುವ ಭಾಗ್ಯ ಸಿಗುತ್ತದೆ, ಲೆಕ್ಕ ಸರಿಹೋಗುತ್ತದೆ. ಬೆಂಕಿಕಡ್ಡಿ ಗೀರುವುದು ಮಾತ್ರ ದೊಡ್ಡವರೇ. ಸಣ್ಣವನ ಕೈಯನ್ನು ಹಿಡಿದುಕೊಂಡು ಉದ್ದದ ಊದುಕಡ್ಡಿಯಿಂದ ಹಚ್ಚಿಸಿ.

ನಕ್ಷತ್ರ

ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳಲ್ಲಿ ಮಡಚುವ ಕಾಗದದ ನಕ್ಷತ್ರ ಸಿಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಎಂಟು ವರ್ಷದ ಹುಡುಗನಿಗೆ ಗಂಟು ಹಾಕಲು ಬರುತ್ತದೆಯಾದರೆ ಬಿದಿರ ಕಡ್ಡಿಯ ನಕ್ಷತ್ರ ಮನೆಯಲ್ಲೇ ಕಟ್ಟಬಹುದು. ತುಳುನಾಡಿನಲ್ಲಿ ದೀಪಾವಳಿಯ ಗೂಡುದೀಪ ಕಟ್ಟಿದವರಿಗೆ ಇದು ಹೊಸದಲ್ಲ.

60 ಸೆಂಟಿಮೀಟರ್ ಉದ್ದದ ಸೀಳಿದ ಬಿದಿರ ಕಡ್ಡಿ ಹತ್ತು, 12 ಸೆಂಟಿಮೀಟರಿನವು ಐದು ಬೇಕು. ಮೊದಲು ಎಲ್ಲವನ್ನೂ ಮರಳು ಕಾಗದದಿಂದ ಉಜ್ಜಿ, ಬಿದಿರ ಸಿಬಿರು ಮಕ್ಕಳ ಬೆರಳಿಗೆ ಹೋದರೆ ತೆಗೆಯುವುದು ಕಷ್ಟ. ಐದೈದು ಉದ್ದ ಕಡ್ಡಿ ಸೇರಿಸಿ ಎರಡು ಚಪ್ಪಟೆ ನಕ್ಷತ್ರ ಕಟ್ಟಿ. ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಬಿಗಿಯಾಗಿ ಕಟ್ಟಿ. ಆಮೇಲೆ ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗಗಳಲ್ಲಿ ಚಿಕ್ಕ ಕಡ್ಡಿಗಳನ್ನು ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ತುದಿಯ ಗಂಟು ಸಡಿಲವಿದ್ದರೆ ಈ ಹಂತದಲ್ಲಿ ಇಡೀ ಚೌಕಟ್ಟು ಬಿಚ್ಚಿಕೊಳ್ಳುತ್ತದೆ. ತುದಿ ಕಟ್ಟುವಾಗ ಹತ್ತಿ ದಾರ ಒದ್ದೆ ಮಾಡಿಕೊಂಡರೆ ಜಾರುವುದಿಲ್ಲ.

ಗಂಟು ದೊಡ್ಡವನ ಪಾಲು, ಅಂಟು ಸಣ್ಣವನ ಪಾಲು. ಮೂರು ದೊಡ್ಡ ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯಂತಾಗುವವರೆಗೆ ಕಾಯಿಸಿ ಆರಿಸಿ. ಹುಳ ಬಾರದಿರಲಿ ಎಂದು ಹಿಂದಿನವರು ಇದಕ್ಕೆ ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಅದು ವಿಷ. ಸಣ್ಣ ಮಕ್ಕಳು ಕೈ ಅದ್ದುವ ಅಂಟಿಗೆ ಅದನ್ನು ಖಂಡಿತ ಹಾಕಬೇಡಿ. ಒಂದು ತಿಂಗಳಿಗೆ ಬರೀ ಮೈದಾ ಅಂಟು ಸಾಕು.

ಬಣ್ಣದ ಗ್ಲಾಸ್ ಪೇಪರನ್ನು ಅಳತೆಗಿಂತ ಎರಡು ಬೆರಳು ಅಗಲವಾಗಿ ಕತ್ತರಿಸಿ, ಅಂಚನ್ನು ಕಡ್ಡಿಯ ಮೇಲೆ ಮಡಚಿ ಅಂಟಿಸಿ. ಹಿಂಬದಿಯ ಒಂದು ಕಾಲಿಗೆ ಕಾಗದ ಹಚ್ಚದೆ ಬಿಡಿ, ಬಲ್ಬು ಹಾಕಲು ದಾರಿ ಬೇಕಲ್ಲ. ಒಳಗೆ 5ರಿಂದ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಮಾತ್ರ. ಹಳೆಯ ತಂತಿ ಬಲ್ಬಿನ ಶಾಖಕ್ಕೆ ಕಾಗದ ಕಂದಿ ಹೋಗುತ್ತದೆ, ತಾಗಿದರೆ ಹೊತ್ತಿಕೊಳ್ಳುತ್ತದೆ. ತೂಗುಹಾಕುವುದು ಮಾಡಿನ ಅಡಿಗೆ. ತೆರೆದ ಅಂಗಳದಲ್ಲಿ ಮಾವಿನ ಕೊಂಬೆಗೆ ಕಟ್ಟಿದರೆ ನಾಲ್ಕೇ ದಿನದ ಇಬ್ಬನಿಗೆ ಅಂಟು ಬಿಡುತ್ತದೆ.

ಕಿಡ್ಯೊ ಕರಿಯುವ ದಿನ

ಕುಸ್ವಾರ್‌ನಲ್ಲಿ ನೆವ್ರಿ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಚಕ್ಕುಲಿ, ಎಳ್ಳಿನ ಲಾಡು ಎಂದು ಹತ್ತಾರು ಬಗೆ ಇದ್ದರೂ ಮಕ್ಕಳ ಕೈಗೆ ಹೇಳಿ ಮಾಡಿಸಿದ್ದು ಕಿಡ್ಯೊ, ಅಂದರೆ ಹಿಟ್ಟನ್ನು ಸಣ್ಣ ಸುರುಳಿ ಸುತ್ತಿ ಕರಿದು ಸಕ್ಕರೆ ಹಿಡಿಸಿದ ತಿಂಡಿ. ಚಾಕು ಬೇಡ, ಅಚ್ಚು ಬೇಡ, ಆಕಾರ ಸೊಟ್ಟಗಾದರೂ ರುಚಿ ಕೆಡುವುದಿಲ್ಲ. ಶಾಲೆ ಇಲ್ಲದ ದಿನ ಬೆಳಗಿನ ತಿಂಡಿ ಆದ ಮೇಲೆ ಕೂರಿಸಿ. ಹಸಿದ ಮಕ್ಕಳನ್ನು ಕೂರಿಸಿದರೆ ಹಿಟ್ಟೇ ಹೊಟ್ಟೆಗೆ ಹೋಗುತ್ತದೆ. ಮೊಟ್ಟೆ ಹಾಕದಿದ್ದರೂ ಹಸಿ ಮೈದಾ ತಿನ್ನುವುದು ಒಳ್ಳೆಯದಲ್ಲ.

ಬೇಕಾದದ್ದು: ಮೈದಾ 500 ಗ್ರಾಂ, ಚಿರೋಟಿ ರವೆ 50 ಗ್ರಾಂ, ಸಕ್ಕರೆ ಪುಡಿ ಎರಡು ದೊಡ್ಡ ಚಮಚ, ಉಪ್ಪು ಅರ್ಧ ಸಣ್ಣ ಚಮಚ, ಬಿಸಿ ತುಪ್ಪ ಎರಡು ದೊಡ್ಡ ಚಮಚ, ಒಂದು ತೆಂಗಿನಕಾಯಿಯ ದಪ್ಪ ಹಾಲು ಸುಮಾರು 225 ಮಿಲಿ, ಕರಿಯಲು ಎಣ್ಣೆ. ಮೇಲಿನ ಸಕ್ಕರೆಗೆ 250 ಗ್ರಾಂ ಸಕ್ಕರೆ, 100 ಮಿಲಿ ನೀರು. ಎಲ್ಲ ಸೇರಿ ಒಂದು ಕೆಜಿಯ ಆಸುಪಾಸು ಕಿಡ್ಯೊ ಆಗುತ್ತದೆ.

1. ಮೈದಾ, ರವೆ, ಉಪ್ಪು, ಸಕ್ಕರೆ ಪುಡಿಗೆ ಬಿಸಿ ತುಪ್ಪ ಸುರಿದು ಉಜ್ಜಿ. ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಒತ್ತಿದರೆ ಪುಡಿಯಾಗಬೇಕು.

2. ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ಹಾಲು ಒಮ್ಮೆಲೇ ಸುರಿದರೆ ಹಿಟ್ಟು ಮೆತ್ತಗಾಗಿ ಬಾಚಣಿಗೆಗೆ ಅಂಟುತ್ತದೆ. ಒದ್ದೆ ಬಟ್ಟೆ ಮುಚ್ಚಿ ಮುಕ್ಕಾಲು ಗಂಟೆ ಬಿಡಿ.

3. ಹಿಟ್ಟನ್ನು ಮೊದಲೇ ಎರಡು ಪಾಲು ಮಾಡಿ ಎರಡು ಪಾತ್ರೆಯಲ್ಲಿಡಿ. ತೊಳೆದ ಹೊಸ ಬಾಚಣಿಗೆ ಎರಡು, ತಟ್ಟೆ ಎರಡು, ಮುಚ್ಚಲು ಬಟ್ಟೆ ಎರಡು. ಇದರಲ್ಲಿ ಉಳಿತಾಯ ಮಾಡಬೇಡಿ.

4. ದೊಡ್ಡವನಿಗೆ ಕೆಲಸ ಹೀಗೆ: ದೊಡ್ಡ ಕಡಲೆಗಿಂತ ತುಸು ದಪ್ಪನೆಯ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ತೆಳ್ಳಗೆ ಮಾಡಿ, ಒಂದು ಅಂಚಿನಿಂದ ಸುರುಳಿ ಸುತ್ತುತ್ತ ಬರಬೇಕು. ಕೊನೆಯ ಅಂಚನ್ನು ಒತ್ತಿ ಮುಚ್ಚಬೇಕು. ಇದನ್ನು ಮರೆತರೆ ಎಣ್ಣೆಯಲ್ಲಿ ಸುರುಳಿ ಬಿಚ್ಚಿ ಚಿಪ್ಪಿನಂತಾಗುತ್ತದೆ.

5. ಸಣ್ಣವನಿಗೆ ಉಂಡೆ ಮಾಡುವ ಕೆಲಸ. ಅಳತೆಗೆ ಒಂದು ಕಡಲೆಕಾಳನ್ನು ಅವನ ತಟ್ಟೆಯ ಅಂಚಿನಲ್ಲಿಡಿ. ಬಾಚಣಿಗೆ ಬೇಕೆಂದರೆ ಅದನ್ನೂ ಕೊಡಿ, ಒತ್ತಿ ಗೆರೆ ಮೂಡಿಸಲಿ, ಸುರುಳಿ ಆಗದಿದ್ದರೆ ಪರವಾಗಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸಣ್ಣವನು ಮಾಡಿದವು ದಪ್ಪ ಇರುತ್ತವೆ. ದೊಡ್ಡವನ ತೆಳ್ಳನೆಯವುಗಳ ಜೊತೆ ಬಾಣಲೆಗೆ ಹಾಕಿದರೆ ತೆಳ್ಳನೆಯವು ಕಪ್ಪಾಗುವ ಹೊತ್ತಿಗೂ ದಪ್ಪದವುಗಳ ಒಳಗೆ ಹಸಿ ಉಳಿದಿರುತ್ತದೆ. ಎರಡು ದಿನದಲ್ಲಿ ಆ ಹಸಿ ಇಡೀ ಡಬ್ಬವನ್ನೇ ಮೆತ್ತಗೆ ಮಾಡುತ್ತದೆ. ಸಣ್ಣವನ ಪಾಲನ್ನು ಕೊನೆಗೆ, ಬೇರೆಯಾಗಿ, ಉರಿ ಇನ್ನೂ ತಗ್ಗಿಸಿ ನಿಧಾನ ಕರಿಯಿರಿ. ಬೇರೆ ಡಬ್ಬದಲ್ಲಿ ಹಾಕಿ ಅವನ ಹೆಸರು ಅಂಟಿಸಿ. ಮೊದಲು ತಿಂದು ಮುಗಿಸುವುದು ಆ ಡಬ್ಬವನ್ನೇ.

ಕರಿಯುವುದು ಪೂರ್ತಿ ದೊಡ್ಡವರ ಕೆಲಸ. ಒಲೆಯಿಂದ ಮೂರು ಅಡಿ ದೂರದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಒಲೆ ಉರಿಯುವವರೆಗೆ ಅದರ ಈಚೆ ಮಕ್ಕಳು ಬರುವಂತಿಲ್ಲ. "ಹತ್ತಿರ ಬರಬೇಡ" ಎಂಬ ಮಾತಿಗಿಂತ ಕಣ್ಣಿಗೆ ಕಾಣುವ ಗೆರೆ ನಾಲ್ಕರವನಿಗೆ ಬೇಗ ಅರ್ಥವಾಗುತ್ತದೆ. ಬಾಣಲೆಯ ಅರ್ಧಕ್ಕಿಂತ ಮೇಲೆ ಎಣ್ಣೆ ಬೇಡ, ಹಿಡಿ ಗೋಡೆಯ ಕಡೆಗಿರಲಿ. ಚೂರು ಹಿಟ್ಟು ಹಾಕಿದರೆ ತಳಕ್ಕೆ ಹೋಗಿ ಗುಳ್ಳೆ ಬಿಡುತ್ತ ನಿಧಾನಕ್ಕೆ ಮೇಲೆ ಬರಬೇಕು, ಆಗ ಕಾವು 160ರಿಂದ 170 ಡಿಗ್ರಿ ಎಂದು ತಿಳಿಯಿರಿ. ಥಟ್ಟನೆ ಮೇಲೆ ಬಂದರೆ ಕಾವು ಹೆಚ್ಚು, ತಳದಲ್ಲೇ ಕೂತರೆ ಕಡಿಮೆ. ಕಾವು ಸಾಲದ ಎಣ್ಣೆಯಲ್ಲಿ ಕಿಡ್ಯೊ ಎಣ್ಣೆ ಕುಡಿಯುತ್ತದೆ.

ಎಣ್ಣೆ ಸಿಡಿದು ಮೈ ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ತುಪ್ಪ, ಟೂತ್‌ಪೇಸ್ಟ್, ಇಂಕು ಯಾವುದೂ ಬೇಡ. ಮುಖ ಅಥವಾ ಕೈಯ ಕೀಲಿಗೆ ತಾಗಿದ್ದರೆ, ಅಥವಾ ಮಗುವಿನ ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ದರೆ ಆಸ್ಪತ್ರೆಗೇ ಹೋಗಬೇಕು.

ಸಕ್ಕರೆ ಹಿಡಿಸಲು ನೀರು, ಸಕ್ಕರೆ ಕುದಿಸಿ ಎರಡೆಳೆ ಪಾಕ ತನ್ನಿ. ಉರಿ ಆರಿಸಿ, ಪೂರ್ತಿ ತಣಿದ ಕಿಡ್ಯೊ ಹಾಕಿ ಬಿಳಿ ಪುಡಿ ಕಟ್ಟುವವರೆಗೆ ಮೆಲ್ಲಗೆ ಕೈಯಾಡಿಸಿ. ಒಂದೆಳೆಯಲ್ಲೇ ಇಳಿಸಿದರೆ ಮರುದಿನ ಎಲ್ಲ ಅಂಟಂಟು. ಮೂರೆಳೆ ದಾಟಿದರೆ ಉಂಡೆ ಉಂಡೆಯಾಗಿ ಗಟ್ಟಿಯಾಗುತ್ತದೆ. ಆಗ ಎರಡು ಚಮಚ ಬಿಸಿನೀರು ಚಿಮುಕಿಸಿ ಸಣ್ಣ ಉರಿಗಿಟ್ಟರೆ ಬಿಡಿಸಿಕೊಳ್ಳಬಹುದು. ಪಾಕ ಎಣ್ಣೆಗಿಂತ ಅಪಾಯ, ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಹುಡುಗರು ಮಲಗಿದ ಮೇಲೆಯೇ ಈ ಕೆಲಸ ಇಟ್ಟುಕೊಳ್ಳಿ.

ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಹೂವಿನಾಕಾರದ ಕೊಕ್ಕಿಸಾಂ ಕೂಡ ರಾತ್ರಿಯ ಕೆಲಸವೇ. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಮೇಲಂಚು ದಾಟಿ ಮುಳುಗಿದರೆ ಬಿಡಿಸಲು ಬರುವುದಿಲ್ಲ. ನೆವ್ರಿಯ (ಕರ್ಜಿಕಾಯಿಯಂಥ ತಿಂಡಿ) ಹೂರಣಕ್ಕೆ ಹುರಿದ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ ಬೆರೆಸಲು ಸಣ್ಣವನನ್ನು ಕರೆಯಬಹುದು. ಐದು ವರ್ಷದೊಳಗಿನವನಿದ್ದರೆ ಗೋಡಂಬಿಯನ್ನು ಇಡೀ ಹಾಕದೆ ಸಣ್ಣಗೆ ಹೆಚ್ಚಿ ಹಾಕಿ, ಓಡುತ್ತ ತಿನ್ನುವ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೇಕಿನ ಒಣದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿಯನ್ನು ರಮ್ ಬದಲು ಕಿತ್ತಳೆ ರಸದಲ್ಲಿ ನೆನೆಸಿ ಫ್ರಿಜ್ಜಿನಲ್ಲಿಡಿ, ಎರಡು ಮೂರು ದಿನ ಸಾಕು.

ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳ ಮನೆಗೆ ಕಳಿಸುವ ಅಜ್ಜ ಅಜ್ಜಿಯರಿಗೆ: ಕಿಡ್ಯೊ, ಗುಳಿಯೊ, ತುಕ್ಡಿ ಪ್ರಯಾಣ ತಾಳುತ್ತವೆ. ಕೊಕ್ಕಿಸಾಂ ಪುಡಿಯಾಗುತ್ತದೆ, ಕಳಿಸಲೇಬೇಕೆಂದರೆ ಸ್ಟೀಲ್ ಡಬ್ಬದಲ್ಲಿ ಒಂದರ ಮೇಲೊಂದು ಪೇರಿಸಿ ಖಾಲಿ ಜಾಗಕ್ಕೆ ಕಾಗದ ತುರುಕಿ.

ಗೋದಲಿಯ ಹಸಿರು

ಗೋದಲಿಯ ಗದ್ದೆಗೆ ಗೋಧಿ, ರಾಗಿ ಅಥವಾ ಭತ್ತದ ಸಸಿ ಬೆಳೆಸುವುದು ಈ ಕಡೆಯ ಪದ್ಧತಿ. ಹುಡುಗರಿಗೆ ಇಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ. ಎಲ್ಲಕ್ಕಿಂತ ಗೋಧಿ ಸುಲಭ. ಒಂದು ಅಡಿ ಅಗಲ, ಕಾಲಡಿ ಹೆಚ್ಚು ಉದ್ದದ ತಟ್ಟೆಗೆ 200 ಗ್ರಾಂ ಇಡೀ ಗೋಧಿ ಬೇಕು. 12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದು ರಾತ್ರಿ ಕಟ್ಟಿಡಿ. ಬಿಳಿ ಮೊಳಕೆ ಇಣುಕಿದ ಮೇಲೆ ತಟ್ಟೆಯಲ್ಲಿ ಒಂದು ಇಂಚು ತೆಂಗಿನ ನಾರಿನ ಪುಡಿ ಅಥವಾ ಮಣ್ಣು ಹರಡಿ, ಮೇಲೆ ಗೋಧಿ ಒತ್ತೊತ್ತಾಗದಂತೆ ಹರಡಿ. ಎಂಟು ಹತ್ತು ದಿನಕ್ಕೆ ನಾಲ್ಕೈದು ಇಂಚು ಬರುತ್ತದೆ. ರಾಗಿಗೆ ಇನ್ನೂ ಎರಡು ದಿನ ಹೆಚ್ಚು ಕೊಡಿ.

ನೀರು ಚಿಮುಕಿಸುವುದು ಸಣ್ಣವನದು. ಸ್ಪ್ರೇ ಬಾಟಲಿ ಕೊಟ್ಟು "ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಒತ್ತು" ಎಂದು ಲೆಕ್ಕ ಹೇಳಿ. ಲೆಕ್ಕವಿಲ್ಲದೆ ಬಿಟ್ಟರೆ ನೀರು ನಿಂತು ಬೂಷ್ಟು ಬರುತ್ತದೆ, ವಾಸನೆ ಹೊಡೆಯುತ್ತದೆ. ದೊಡ್ಡವನು ದಿನವೂ ಸ್ಕೇಲ್ ಹಿಡಿದು ಎತ್ತರ ಬರೆದಿಡಲಿ, ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಲಿ. ತಿರುಗಿಸದಿದ್ದರೆ ಸಸಿಯೆಲ್ಲ ಕಿಟಕಿಯ ಕಡೆಗೇ ವಾಲುತ್ತದೆ. ಹಳದಿ ಬಣ್ಣಕ್ಕಿದ್ದರೆ ಬೆಳಕು ಸಾಲದು, ನೆರಳಿರುವ ಜಗಲಿಗೆ ತನ್ನಿ. ಒಂದು ಗೆರಟೆಯಲ್ಲಿ ಎರಡನೇ ಸಾಲು ಎರಡು ದಿನ ತಡವಾಗಿ ಹಾಕಿಡಿ. ಮೊದಲನೆಯದು ಕೆಟ್ಟರೆ ಕೈ ಹಿಡಿಯುತ್ತದೆ.

ಗೋದಲಿ ಕಟ್ಟುವುದು

ಅಸ್ಸೀಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಹುಲ್ಲು, ನಿಜವಾದ ಎತ್ತು, ಕತ್ತೆ ತಂದು ಯೇಸುವಿನ ಜನನದ ದೃಶ್ಯ ಮಾಡಿಸಿದರು. ಗೋದಲಿಯ ಪದ್ಧತಿ ಹರಡಿದ್ದು ಅಲ್ಲಿಂದ. ದೊಡ್ಡವನಿಗೆ ಇದನ್ನು ಕಟ್ಟುವ ಮೊದಲೇ ಹೇಳಿ. ಕೊಟ್ಟಿಗೆ ಎಂದರೇನು, ಎತ್ತಿಗೆ ಹುಲ್ಲು ಎಲ್ಲಿ ಹಾಕುತ್ತಾರೆ ಎಂಬುದು ಗೊತ್ತಾದ ಹುಡುಗ ಮಗುವನ್ನು ಅಲ್ಲೇ ಯಾಕೆ ಮಲಗಿಸಿದರೆಂದು ತಾನೇ ಕೇಳುತ್ತಾನೆ.

ಮೂರು ಅಡಿ ಉದ್ದ, ಎರಡು ಅಡಿ ಅಗಲದ ಗಟ್ಟಿ ಮೇಜು ಸಾಕು. ಮೇಜುಬಟ್ಟೆ ಕೆಳಗೆ ಇಳಿಬಿಡಬೇಡಿ, ನಾಲ್ಕರವನು ಎಳೆದರೆ ಎಲ್ಲವೂ ನೆಲಕ್ಕೆ. ಆರು ಇಂಚಿನ ಗೊಂಬೆಗಳಾದರೆ ಕೊಟ್ಟಿಗೆಯ ಮಾಡು ಹತ್ತು ಹನ್ನೆರಡು ಇಂಚು ಎತ್ತರ ಇರಲಿ, ಇಲ್ಲದಿದ್ದರೆ ಜೋಸೆಫರ ತಲೆ ಮಾಡಿಗೆ ತಾಗುತ್ತದೆ. ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಕೊಟ್ಟಿಗೆ ಮಾಡಿ, ಹೊರಗೆ ತೆಂಗಿನ ನಾರು ಅಂಟಿಸಿ, ಮೇಲೆ ಬೈಹುಲ್ಲು ಹೊದಿಸಿ. ಗುಡ್ಡಕ್ಕೆ ಕಂದು ಕಾಗದವನ್ನು ಮುದ್ದೆ ಮಾಡಿ ಬಿಡಿಸಿ, ನಕ್ಷತ್ರಕ್ಕೆ ಮಾಡಿದಂಥದೇ ಮೈದಾ ಅಂಟು ಹಚ್ಚಿ, ಡಬ್ಬಗಳ ಮೇಲೆ ಹೊದಿಸಿ ಒಂದು ದಿನ ಒಣಗಲು ಬಿಡಿ. ಅಂಟು ಹಸಿ ಇರುವಾಗಲೇ ಜರಡಿ ಹಿಡಿದ ಕೆಂಪು ಮಣ್ಣು ಉದುರಿಸಿದರೆ ನಮ್ಮೂರಿನ ಗುಡ್ಡವೇ. ಕೆರೆಗೆ ಒಡೆದ ಕನ್ನಡಿ ಬಳಸಬೇಡಿ, ನೀಲಿ ಗ್ಲಾಸ್ ಪೇಪರಿನ ಕೆಳಗೆ ಅಲ್ಯೂಮಿನಿಯಂ ಹಾಳೆ ಇಟ್ಟರೆ ಅಷ್ಟೇ ಚೆನ್ನಾಗಿ ಹೊಳೆಯುತ್ತದೆ.

ಕೊಟ್ಟಿಗೆ, ಗುಡ್ಡ ದೊಡ್ಡವನ ವಶಕ್ಕೆ ಬಿಡಿ. ಕುರಿ, ಕುರುಬರು, ಗದ್ದೆ ಸಣ್ಣವನಿಗೆ. ಅವನು ದಿನಕ್ಕೆ ಹತ್ತು ಸಲ ಕುರಿಗಳನ್ನು ಎತ್ತಿ ಇಡುತ್ತಾನೆ, ಇಡಲಿ. ಅದಕ್ಕಾಗಿಯೇ ಒಡೆಯದ ಪ್ಲಾಸ್ಟಿಕ್ಕಿನ ಕುರಿ ಒಂದು ಡಜನ್ ತನ್ನಿ, ಸುಣ್ಣದ ಗೊಂಬೆಗಳು ಮೇಜಿನ ಹಿಂಬದಿಗಿರಲಿ. ಅಜ್ಜಿಯ ಕಾಲದ ಸೆಟ್ ಇದ್ದರೆ ಸಣ್ಣವನಿಗೆ ಆರು ತುಂಬುವವರೆಗೆ ಕಪಾಟಿನಲ್ಲೇ ಇಡುವುದು ವಾಸಿ.

ಬೈಹುಲ್ಲಿರುವ ಕಡೆ ಮೇಣದ ಬತ್ತಿ ಬೇಡವೇ ಬೇಡ. ಎಲ್‌ಇಡಿ ಸೀರಿಯಲ್ ಸೆಟ್ ಹಾಕಿ, ಅದರ ಅಡಾಪ್ಟರನ್ನು ಹುಲ್ಲಿನಿಂದ ಹೊರಗೆ, ಗೋಡೆಯ ಪ್ಲಗ್ಗಿನಲ್ಲೇ ಇರಿಸಿ. ಮಲಗುವ ಮೊದಲು ಸ್ವಿಚ್ ಆರಿಸಿ. ಬ್ಯಾಟರಿಯ ಪುಟ್ಟ ದೀಪಗಳನ್ನು ತಂದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಒಳಗಿರುವ ಗುಂಡಿಯಂಥ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಬಾಲಯೇಸುವಿನ ಗೊಂಬೆ 24ರ ರಾತ್ರಿಯವರೆಗೆ ಗೋದಲಿಯಲ್ಲಿ ಇರುವುದಿಲ್ಲ. ಅದನ್ನು ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಇಬ್ಬರು ದೊಡ್ಡವರಿಗಾದರೂ ಗೊತ್ತಿರಲಿ. ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಗೊಂಬೆಗಳನ್ನು ಬೇರೆ ಕೋಣೆಯಲ್ಲಿ ನಿಲ್ಲಿಸಿ, 25ರ ನಂತರ ದಿನಕ್ಕೆ ಸ್ವಲ್ಪದಂತೆ ಸಣ್ಣವನು ಮುಂದಕ್ಕೆ ಸಾಗಿಸಲಿ. ಜನವರಿಯ ಮೊದಲ ದಿನಗಳಲ್ಲಿ ಬರುವ ಮೂವರು ರಾಯರ ಹಬ್ಬದ ಭಾನುವಾರ ಗೋದಲಿ ತಲುಪಿದರಾಯಿತು. ಹಬ್ಬ ಮುಗಿದ ಮೇಲೆ ಮಕ್ಕಳಿಗೆ ಬರುವ ಬೇಸರಕ್ಕೆ ಇದು ಒಳ್ಳೆಯ ಮದ್ದು.

24ರ ರಾತ್ರಿ

ಅದಕ್ಕೂ ಮೊದಲು ವಾಳೆಯವರ, ಅಂದರೆ ಚರ್ಚಿನ ನಮ್ಮ ವಾರ್ಡಿನವರ, ಕ್ಯಾರೊಲ್ ತಂಡ ಮನೆಗೆ ಬರುತ್ತದೆ, ಜೊತೆಗೆ ಮುಖವಾಡದ ಸಾಂತಾಕ್ಲಾಸ್. ನಾಲ್ಕರವನಿಗೆ ಆ ಮುಖವಾಡ ಹೆದರಿಕೆ ಹುಟ್ಟಿಸುವುದು ಸಹಜ. ಯಾರು ಬರುತ್ತಾರೆ, ಡೋಲು ಬಾರಿಸುತ್ತಾರೆ, ಮಿಠಾಯಿ ಕೊಡುತ್ತಾರೆ ಎಂದು ಮೊದಲೇ ಹೇಳಿ. ಫೋಟೊಗಾಗಿ ಅವರ ಕೈಗೆ ಕೊಡಬೇಡಿ. ಅಪ್ಪನ ಹೆಗಲ ಮೇಲಿಂದಲೇ ಕೈಬೀಸಿದರೆ ಸಾಕು.

24ರ ಮಧ್ಯಾಹ್ನ ಇಬ್ಬರನ್ನೂ ಮಲಗಿಸಲೇಬೇಕು. ರಾತ್ರಿಯ ಬಲಿಪೂಜೆ ಎಷ್ಟು ಹೊತ್ತಿಗೆಂದು ನಿಮ್ಮ ಚರ್ಚಿನಲ್ಲಿ ಕೇಳಿ, ಅದಕ್ಕೆ ಒಂದೂವರೆ ಗಂಟೆ ಮೊದಲು ಊಟ ಮುಗಿಸಿ. ದೊಡ್ಡವನಿಗೆ ಪ್ರಥಮ ಪರಮಪ್ರಸಾದ (ಫಸ್ಟ್ ಕಮ್ಯುನಿಯನ್) ಆಗಿದ್ದರೆ ಸ್ವೀಕರಿಸುವ ಒಂದು ಗಂಟೆ ಮೊದಲಿನಿಂದ ನೀರು ಬಿಟ್ಟು ಬೇರೇನೂ ತಿನ್ನುವಂತಿಲ್ಲ, ಕಿಸೆಯಲ್ಲಿ ಕಿಡ್ಯೊ ಇದೆಯೇ ನೋಡಿಕೊಳ್ಳಿ. ಮೈದಾನದಲ್ಲಿ ಪೂಜೆ ಇದ್ದರೆ ಸಾಲಿನ ಅಂಚಿನಲ್ಲಿ ಕೂರಿ, ಎದ್ದು ಹೋಗಲು ಅನುಕೂಲ. ತಲೆಗೆ ಇಬ್ಬನಿ ಬೀಳದಂತೆ ಟೋಪಿ, ಒಂದು ಶಾಲು ಇರಲಿ. ಸಣ್ಣವನು ಪೂಜೆಯ ಗ್ಲೋರಿಯಾ ಹಾಡಿಗೆ ಮೊದಲೇ ನಿದ್ದೆ ಹೋದರೆ ಎಬ್ಬಿಸಬೇಡಿ. ಬಾಲಯೇಸುವನ್ನು ಬೆಳಿಗ್ಗೆ ಎದ್ದ ಮೇಲೆ ಅವನ ಕೈಯಿಂದಲೇ ಗೋದಲಿಯಲ್ಲಿ ಇಡಿಸಿದರಾಯಿತು.

ತಟ್ಟೆ ಹಂಚುವುದು

ನೆರೆಮನೆಗಳಿಗೆ ಕುಸ್ವಾರ್ ತಟ್ಟೆ ಒಯ್ಯುವಾಗ ಮೊಟ್ಟೆ ತಿನ್ನದವರ ಮನೆಯವನ್ನು ಮೊದಲೇ ಬೇರೆ ಮಾಡಿ, ಆ ಪೊಟ್ಟಣಗಳಿಗೆ ಹಸಿರು ದಾರ ಕಟ್ಟಿ. ಮೇಲೆ ಹೇಳಿದ ಕಿಡ್ಯೊ, ಎಳ್ಳಿನ ಲಾಡು, ಚಕ್ಕುಲಿ ಅವರಿಗೆ ಆಗುತ್ತವೆ. ಮೊಟ್ಟೆ ಬಿದ್ದ ಕೇಕು, ಕೊಕ್ಕಿಸಾಂ ಆಗುವುದಿಲ್ಲ. ಅವರಿಗೆ ಕರಿಯಲು ಎಣ್ಣೆಯೂ ಬೇರೆ ಇರಲಿ, ಅಷ್ಟು ಗೌರವ ನೆರೆಹೊರೆಗೆ ಸಲ್ಲಬೇಕು. ಮನೆಗಳ ಪಟ್ಟಿ ದೊಡ್ಡವನು ಬರೆದು ಗುರುತು ಹಾಕಲಿ. ಸಣ್ಣವನ ಕೈಗೆ ಮುಚ್ಚಳವಿರುವ ಡಬ್ಬ ಕೊಡಿ, ಮೆಟ್ಟಿಲಿನಲ್ಲಿ ತಟ್ಟೆ ವಾಲುತ್ತದೆ. ಬಾಗಿಲಲ್ಲಿ ನಿಂತು ಏನು ಹೇಳಬೇಕೆಂದು ಇಬ್ಬರಿಗೂ ಕಲಿಸಿ: "ಮಾಮಿ, ಕ್ರಿಸ್ಮಸ್ ಹಬ್ಬದ ಶುಭಾಶಯ, ಅಮ್ಮ ಕೊಟ್ಟಿದ್ದಾರೆ."

ಮೂವರು ರಾಯರ ಹಬ್ಬ ಕಳೆದ ಮೇಲೆ ಗೋದಲಿ ಬಿಚ್ಚುವಾಗಲೂ ಹುಡುಗರಿರಲಿ. ಸಸಿ ಮತ್ತು ಬೈಹುಲ್ಲು ಹಸುವಿಗೆ. ಗೊಂಬೆಗಳನ್ನು ಒಂದೊಂದಾಗಿ ಹಳೆ ಪತ್ರಿಕೆಯಲ್ಲಿ ಸುತ್ತಿ, ಪೆಟ್ಟಿಗೆಯ ಮೇಲೆ ಎಷ್ಟಿವೆ, ಯಾವುದು ಒಡೆದಿದೆ ಎಂದು ದೊಡ್ಡವನು ಬರೆಯಲಿ. ನಕ್ಷತ್ರದ ಕಾಗದ ಕಿತ್ತು ಚೌಕಟ್ಟನ್ನು ಅಟ್ಟದಲ್ಲಿ ನೇತುಹಾಕಿ, ನೆಲಕ್ಕಿಟ್ಟರೆ ಗೆದ್ದಲು ಹಿಡಿಯುತ್ತದೆ. ಕೊಕ್ಕಿಸಾಂ ಅಚ್ಚನ್ನು ಸಾಬೂನಿನಿಂದ ತೊಳೆಯದೆ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿಡಿ.